ಸುಣ್ಣದ ಎಂಟಕ್ಕೆ ಬಿಳಿಗೆರೆಯ ಸೊಸೆಯ ಅಹವಾಲು

ಶ್ರೀಮಾನ್ ಎಂಟು ಅವರ ಸನ್ನಿಧಾನಕ್ಕೆ,
ದ್ವಿಚಕ್ರ ವಾಹನ ಚಾಲನಾ ಪರೀಕ್ಷೆಯ ಮೈದಾನ,
ಬೇವಿನ ಮರದ ಎದುರು, ನೆಲದ ಮೇಲೆ.

ಮಾನ್ಯರೇ,

ತಮ್ಮ ಮೇಲಿನ ಸೊನ್ನೆಗೂ ಕೆಳಗಿನ ಸೊನ್ನೆಗೂ ಬೇರೆ ಬೇರೆಯಾಗಿ, ಅವೆರಡೂ ಸೇರುವ ನಡುವಿನ ಜಾಗಕ್ಕೆ ಮಾತ್ರ ಸ್ವಲ್ಪ ದೂರದಲ್ಲಿ ನಿಂತು, ನನ್ನ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ಮೊನ್ನೆಯ ಮಳೆಗೆ ತಮ್ಮ ಸುಣ್ಣ ಅಲ್ಲಲ್ಲಿ ಕರಗಿ ತಾವು ಮೂರರಂತೆ ಕಾಣುತ್ತಿದ್ದಿರೆಂದೂ, ಕಚೇರಿಯವರು ಮತ್ತೆ ಸುಣ್ಣ ಹಾಕಿಸಿ ತಮ್ಮನ್ನು ಮೊದಲಿಗಿಂತ ಪುಷ್ಟಿಯಾಗಿ ಮಾಡಿದ್ದಾರೆಂದೂ ಕೇಳಿ ಸಂತೋಷವಾಯಿತು. ನಾವೆಲ್ಲ ಇಲ್ಲಿ ಕ್ಷೇಮ. ನನ್ನ ಬಲ ಮೊಣಕಾಲಿನ ಗಾಯ ಪೂರ್ತಿ ಒಣಗಿದೆ, ಎಡ ಮೊಣಕೈಯದು ಒಣಗುತ್ತಿದೆ.

ತಮ್ಮ ಮೇಲೆ ದಿನವೂ ಎಷ್ಟೋ ಜನ ಚಕ್ರ ಹರಿಸಿಕೊಂಡು ಹೋಗುವುದರಿಂದ ನನ್ನ ನೆನಪು ತಮಗಿರಲಾರದು. ಗುರುತಿಗಾಗಿ ಹೇಳುವುದಾದರೆ, ಹಸಿರು ಚೂಡಿದಾರ ಹಾಕಿ, ಗಂಡನ ಹೆಲ್ಮೆಟ್ಟು ತೊಟ್ಟು, ಆಕಾಶ ನೋಡುತ್ತಾ ಬಂದು ತಮ್ಮ ಬಲಗಡೆಯ ಗೆರೆಯನ್ನು ಅರ್ಧ ಅಳಿಸಿದವಳೂ, ಇನ್ನೊಂದು ಸಲ ತೆಂಗಿನಕಾಯಿ ಮೂಟೆಯೊಂದಿಗೆ ಬಂದು ತಮ್ಮನ್ನು ಮುಟ್ಟದೆಯೇ ಹಿಂದಿರುಗಿದವಳೂ ನಾನೇ. ಹೆಸರು ಅನಿತಾ, ಊರು ಬಿಳಿಗೆರೆ. ಚಿಕ್ಕಗೌರಮ್ಮನವರ ಸೊಸೆ, ಲಗೇಜ್ ಆಟೋದಲ್ಲಿ ಕಾಯಿ ಸಾಗಿಸುವ ಕಲ್ಲೇಶ್ ಅವರ ಹೆಂಡತಿ. ಈ ಪತ್ರವನ್ನು ಫೇಲಾದ ಸಿಟ್ಟಿನಲ್ಲಿ ಬರೆದದ್ದೆಂದು ತಾವು ದಯವಿಟ್ಟು ತಿಳಿಯಬಾರದು. ಫೇಲಾದದ್ದಕ್ಕೆ ನನಗೆ ತಮ್ಮ ಮೇಲೆ ಕಿಂಚಿತ್ತೂ ಬೇಸರವಿಲ್ಲ. ನನ್ನ ದೂರು ಬೇರೆಯೇ ಇದ್ದು, ಅದನ್ನು ತಲುಪಲು ತಮ್ಮಂತೆಯೇ ನಾನೂ ಒಂದೆರಡು ಸುತ್ತು ಹಾಕಬೇಕಾಗಿದೆ.

ನನಗೆ ಲೈಸನ್ಸ್ ಬೇಕಾದದ್ದು ಊರು ತಿರುಗುವುದಕ್ಕಲ್ಲ, ಒಂದು ಚೌಕಾಬಾರದ ಆಟ ಮುಗಿಸುವುದಕ್ಕೆ. ನಮ್ಮತ್ತೆಯ ತಂಗಿ ಅಂಕಮ್ಮನವರು, ಅಂದರೆ ನನ್ನ ಚಿಕ್ಕತ್ತೆ, ಶೆಟ್ಟಿಕೆರೆಯಲ್ಲಿದ್ದಾರೆ. ಸೋಮವಾರ ನಮ್ಮಲ್ಲಿ ಎತ್ತು ಕಟ್ಟುವುದಿಲ್ಲವಾದ್ದರಿಂದ ಎತ್ತುಗಳ ಜೊತೆಗೆ ತಾವೂ ರಜೆ ತೆಗೆದುಕೊಳ್ಳುವುದು ಈ ಅಕ್ಕತಂಗಿಯರ ಪದ್ಧತಿ. ಅತ್ತೆ ಬೆಳಗಿನ ಬಸ್ಸು ಹಿಡಿದು, ತಿಪಟೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ ಶೆಟ್ಟಿಕೆರೆಗೆ ಹೋದರೆ, ತಂಗಿಯ ಪಡಸಾಲೆಯ ಕಲ್ಲುಹಾಸಿನ ಮೇಲೆ ಕೊರೆದ ಚೌಕಾಬಾರದ ಮನೆಗಳ ಮುಂದೆ ಕೂತುಬಿಡುತ್ತಿದ್ದರು. ಉಳಿದ ದಿನಗಳಲ್ಲಿ ಬೆಕ್ಕಿಗೂ ಬೈಯದ ಈ ಹೆಂಗಸರಿಬ್ಬರು ಕವಡೆ ಕೈಗೆ ಬಂದ ಕೂಡಲೇ ಒಬ್ಬರ ಕಾಯಿಯನ್ನು ಇನ್ನೊಬ್ಬರು ಹೊಡೆಯುವುದರಲ್ಲಿ ತೋರಿಸುವ ಆಸಕ್ತಿಯನ್ನು ನೋಡಿದರೆ, ಒಂದೇ ತಾಯಿಯ ಮಕ್ಕಳು ಹೌದೋ ಅಲ್ಲವೋ ಎಂದು ಅನುಮಾನ ಬರಬೇಕು. ಕಳೆದ ವರ್ಷ ಅಂಥ ಒಂದು ಸೋಮವಾರ, ಅತ್ತೆಯ ಕೊನೆಯ ಕಾಯಿ ಹಣ್ಣಾಗಲು ಇನ್ನು ಒಂದೇ ಒಂದು ಮನೆ ಉಳಿದಿರುವಾಗ ಊರಿನ ಕಡೆಯ ಬಸ್ಸು ಹಾರ್ನ್ ಹಾಕಿತು. ಅತ್ತೆ ಎದ್ದು ಓಡಿದರು. ಕೋಳಿಗಳು ಕಾಯಿ ಕೆದರಬಾರದೆಂದು ಚಿಕ್ಕತ್ತೆ ಆಟದ ಮೇಲೆ ಒಂದು ಬಿದಿರಿನ ಮಂಕರಿ ಬೋರಲು ಹಾಕಿದರು.

ಆ ಮಂಕರಿ ಇನ್ನೂ ಹಾಗೆಯೇ ಇತ್ತು. ಏಕೆಂದರೆ ಆ ವಾರವೇ ಅತ್ತೆಯ ಮೊಣಕಾಲು ಕೈಕೊಟ್ಟಿತು. ನಡೆಯುತ್ತಾರೆ, ಹಸು ಕರೆಯುತ್ತಾರೆ, ಬಸ್ಸಿನ ಮೆಟ್ಟಿಲಿಗೆ ಮಾತ್ರ ಕಾಲು ಎತ್ತಲಾಗುವುದಿಲ್ಲ. ಶೇರ್ ಆಟೋದವರು ತಿಪಟೂರು ದಾಟುವುದಿಲ್ಲ. ನಮ್ಮ ಮನೆಯವರು ತಮ್ಮ ಲಗೇಜ್ ಆಟೋದಲ್ಲಿ ಬಿಟ್ಟು ಬರುತ್ತೇನೆಂದಾಗ ಅತ್ತೆ, "ನಾನೇನ್ ಕಾಯಿ ಮೂಟೆನೇನ್ಲಾ, ಹಿಂದ್ಕಾಕ್ಕಂಡು ಹೋಗಾಕೆ?" ಎಂದು ಆ ಮಾತನ್ನು ಅಲ್ಲೇ ಮುಗಿಸಿದರು. ಹೀಗಾಗಿ ಪ್ರತಿ ಸಂಜೆ ಫೋನಿನಲ್ಲಿ ಅಕ್ಕ, "ಮಂಕರಿ ಎತ್ತಿಲ್ಲ ತಾನೆ?" ಎಂದು ಕೇಳುವುದು, ತಂಗಿ, "ಎತ್ತಿಲ್ಲ ಕಣಕ್ಕ, ನಿನ್ ಕಾಯಿ ಅಲ್ಲೇ ಕುಂತೈತೆ" ಎನ್ನುವುದು, ಫೋನಿಟ್ಟ ಮೇಲೆ ಅಕ್ಕ ಅದನ್ನು ನಂಬದೆ ಇರುವುದು, ಇದೇ ನಡೆದಿತ್ತು. ಒಂದು ದಿನ ಮಾತ್ರ ಚಿಕ್ಕತ್ತೆ, "ಆಟ ಬುಡಕ್ಕ. ನಿನ್ ಮುಖ ನೋಡ್ಬೇಕು ಅನ್ನಿಸ್ತೈತೆ" ಎಂದರು. ಅತ್ತೆ ಫೋನನ್ನು ನನ್ನ ಕೈಗೆ ಕೊಟ್ಟು ಕೊಟ್ಟಿಗೆಗೆ ಹೋದರು. ಆ ಹೊತ್ತಿನಲ್ಲಿ ಕೊಟ್ಟಿಗೆಯಲ್ಲಿ ಅವರಿಗೆ ಯಾವ ಕೆಲಸವೂ ಇರಲಿಲ್ಲ.

ಅದೇ ಕೊಟ್ಟಿಗೆಯ ಮೂಲೆಯಲ್ಲಿ ನಮ್ಮ ಮನೆಯವರ ಹಳೇ ಬೈಕು ಟಾರ್ಪಾಲು ಹೊದ್ದು ನಿಂತಿತ್ತು. ನಾನು ಅದನ್ನು ಕಲಿಯುತ್ತೇನೆಂದೆ. ಅತ್ತೆ ಒಪ್ಪಿದರು, ಆದರೆ ಲೈಸನ್ಸ್ ಕೈಗೆ ಬರುವತನಕ ಟಾರು ರಸ್ತೆಯಲ್ಲಿ ನನ್ನ ಹಿಂದೆ ಕೂರುವುದಿಲ್ಲವೆಂದು ಷರತ್ತು ಹಾಕಿದರು. ಅದಕ್ಕೂ ಕಾರಣವಿದೆ. ಹಿಂದೊಮ್ಮೆ ಮಗ ಲೈಸನ್ಸ್ ಇಲ್ಲದೆ ಇವರನ್ನು ಕೂರಿಸಿಕೊಂಡು ಹೋಗಿ ಪೊಲೀಸರ ಕೈಗೆ ಸಿಕ್ಕಿದಾಗ, ಇವರು ರಸ್ತೆ ಪಕ್ಕದಲ್ಲಿ ಕಳ್ಳರ ಹಾಗೆ ನಿಂತಿರುವುದನ್ನು ಬೀಗರೂಟಕ್ಕೆ ಹೊರಟಿದ್ದ ಒಂದು ಬಸ್ಸಿನ ತುಂಬ ನೆಂಟರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದ್ದರು. ಆ ನೆಂಟರಲ್ಲಿ ಯಾರೂ ಇವತ್ತಿನವರೆಗೆ ಅದನ್ನು ಮರೆತಿಲ್ಲ.

ಇನ್ನು ನನ್ನ ವಿದ್ಯಾಭ್ಯಾಸದ ವಿಷಯ. ಮೊದಲ ಗುರುಗಳು ನಮ್ಮ ಮನೆಯವರು. ಕ್ಲಚ್ಚು ಬಿಡು ಎಂದು ಅವರು ಮೊದಲ ಸಲ ಹೇಳಿದ ಧ್ವನಿಗೂ ಹತ್ತನೇ ಸಲ ಹೇಳಿದ ಧ್ವನಿಗೂ ಬಹಳ ವ್ಯತ್ಯಾಸವಿದ್ದುದರಿಂದ ಅತ್ತೆ ಅವರನ್ನು ಹುದ್ದೆಯಿಂದ ವಜಾ ಮಾಡಿದರು. "ಅಯ್ಯೋ ಬುಡ್ಲಾ ನೀನು, ಹೇಳ್ಕೊಡೋ ಬಾಯಾ ಇದು? ನಾನ್ ಹೇಳ್ಕೊಡ್ತೀನಿ, ನೀ ಹೋಗಿ ಆಟೋ ತೊಳಿ" ಎಂದರು. ನಮ್ಮತ್ತೆ ಹುಟ್ಟಿದಾಗಿನಿಂದ ಯಾವ ಗಾಡಿಯ ಹ್ಯಾಂಡಲನ್ನೂ ಹಿಡಿದವರಲ್ಲ. ಆದರೆ ಮಾವನವರ ಸೈಕಲ್ಲಿನ ಕ್ಯಾರಿಯರ್, ಮೈದುನನ ಮೊಪೆಡ್ಡು, ಮಗನ ಬೈಕು ಎಂದು ಜೀವನವೆಲ್ಲ ಗಂಡಸರ ಬೆನ್ನ ಹಿಂದೆ ಕೂತು, ಅವರು ಮಾಡಿದ ತಪ್ಪುಗಳನ್ನೆಲ್ಲ ಬಲು ಹತ್ತಿರದಿಂದ ಕಂಡವರು. ಅವರ ಪಾಠವೆಲ್ಲ ಆ ತಪ್ಪುಗಳ ಮೇಲೆಯೇ ನಿಂತಿತ್ತು. ಬೈಕಿನ ಹಿಂದೆ ಸೀರೆಯುಟ್ಟ ಹೆಂಗಸರು ಕೂರುವಂತೆ ಎರಡೂ ಕಾಲನ್ನು ಎಡಗಡೆಗೆ ಇಳಿಬಿಟ್ಟು, ಸೀಟಿನ ಹಿಂದಿನ ಕಂಬಿ ಹಿಡಿದು ಕೂತು, "ನಿಧಾನ ಕಣವ್ವ", "ಬ್ರೇಕ್ ಹಿಡಿ ಕಣೇ", "ನಮ್ಮೋನ್ ಹಂಗೆ ಎಳೀಬ್ಯಾಡ" ಎಂದು ಹೇಳುತ್ತಾ ನನ್ನನ್ನು ನಮ್ಮ ತೆಂಗಿನ ತೋಟದಲ್ಲೇ ಸುತ್ತಿಸಿದರು.

ತಮ್ಮ ಅಭ್ಯಾಸವನ್ನೂ ನಾನು ಮಾಡಿದ್ದು ಅಲ್ಲಿಯೇ. ನಮ್ಮ ಬಾವಿ ಮರ ಮತ್ತು ಬಾಣಂತಿ ಮರಗಳ ನಡುವೆ (ಊರಿನ ಬಾಣಂತಿಯರಿಗೆಲ್ಲ ಎಳನೀರು ಹೋಗುವುದು ಅದರಿಂದಲೇ ಆದ್ದರಿಂದ ಆ ಹೆಸರು) ನುಗ್ಗಿ, ಒಂದನ್ನು ಬಲಕ್ಕೆ ಸುತ್ತಿ, ಇನ್ನೊಂದನ್ನು ಎಡಕ್ಕೆ ಸುತ್ತಿದರೆ ತಾವೇ ತಯಾರಾಗುತ್ತಿದ್ದಿರಿ. ತೋಟದವರಿಗೆ ಇನ್ನೊಂದು ರೂಢಿಯುಂಟು; ಮರದ ಕೆಳಗೆ ಹೋಗುವ ಮೊದಲು ತಲೆಯೆತ್ತಿ, ಒಣಗರಿ ಜೋಲುತ್ತಿದೆಯೋ, ಕಾಯಿ ಕಳಚುವಂತಿದೆಯೋ ಎಂದು ನೋಡುವುದು. ನಾನು ಪ್ರತಿ ತಿರುವಿಗೂ ಒಮ್ಮೆ ಮೇಲೆ ನೋಡಿ ತಿರುಗುತ್ತಿದ್ದೆ. ಇದನ್ನು ನೋಡಿದ ಅತ್ತೆ, ಇಷ್ಟು ಜಾಗ್ರತೆಯಾಗಿ ಗಾಡಿ ಓಡಿಸುವವರನ್ನು ಕಂಡೇ ಇಲ್ಲವೆಂದು ಸರ್ಟಿಫಿಕೇಟು ಕೊಟ್ಟರು. ಕಾಲು ಒಮ್ಮೆಯೂ ನೆಲಕ್ಕೆ ತಾಗದಂತೆ ನಾವಿಬ್ಬರೂ ಎಂಟು ಹಾಕುವುದನ್ನು ಪಕ್ಕದ ತೋಟದ ಸಣ್ಣತಿಮ್ಮಯ್ಯನವರು ಬೇಲಿಯ ಆಚೆ ನಿಂತು ನೋಡಿ, ಸುಮ್ಮನೆ ತಲೆದೂಗಿ ಹೋದರು.

ಇಷ್ಟೆಲ್ಲ ಸಿದ್ಧತೆಯೊಂದಿಗೆ, ಬೈಕನ್ನು ಮನೆಯವರ ಲಗೇಜ್ ಆಟೋದಲ್ಲಿ ಹೇರಿಸಿಕೊಂಡು, ನಾನು ಮೊದಲ ಸಲ ತಮ್ಮ ದರ್ಶನಕ್ಕೆ ಬಂದೆ. ಎಂಥ ವೈಭವ ತಮ್ಮದು! ಮರವಿಲ್ಲ, ಬೇಲಿಯಿಲ್ಲ, ನೆರಳಿಲ್ಲ, ಬೋಳು ನೆಲದ ಮೇಲೆ ಒಂದು ಸುಣ್ಣದ ಗೆರೆ, ಅದರ ಸುತ್ತ ಉಗುರು ಕಚ್ಚಿಕೊಂಡು ನಿಂತ ನಮ್ಮಂಥವರು. ನಾನು ನನ್ನ ಹೆಸರು ಕರೆದಾಗ ಹೊರಟೆ. ಮೊದಲ ತಿರುವಿನಲ್ಲಿ ರೂಢಿಯಂತೆ ತಲೆಯೆತ್ತಿ ನೋಡಿದೆ. ತಲೆ ಇಳಿಸುವಷ್ಟರಲ್ಲಿ ಬೈಕು ತಾನೇ ತಾನಾಗಿ ಬಲಕ್ಕೆ ವಾಲಿ, ತಮ್ಮ ಹೊಟ್ಟೆಯ ಮೇಲೆಯೇ ಹಾದು, ನನ್ನನ್ನು ಬಲ ಮೊಣಕಾಲಿನ ಮೇಲೆ ಇಳಿಸಿತು. ಇನ್‌ಸ್ಪೆಕ್ಟರ್ ಸಾಹೇಬರು ಒಳ್ಳೆಯವರು, ಬೈಯಲಿಲ್ಲ. "ಏನಮ್ಮಾ, ಮೇಲೆ ಏನು ನೋಡ್ತಾ ಇದ್ರಿ?" ಎಂದರು. "ಕಾಯಿ ಬೀಳುತ್ತೇನೋ ಅಂತ ಸಾರ್" ಎಂದೆ. "ಇಲ್ಲಿ ಕಾಯಿ ಬೀಳಲ್ಲಮ್ಮ, ನೀವೇ ಬೀಳೋದು" ಎಂದರು.

ಮೇಲೆ ನೋಡುವ ಚಟವನ್ನು ಮನೆಗೆ ಬಂದ ಮೇಲೆ ಬಿಟ್ಟೆ. ಹೆಲ್ಮೆಟ್ಟನ್ನು ಕಣ್ಣಿನವರೆಗೆ ಎಳೆದುಕೊಂಡರೆ ಆಕಾಶ ಕಾಣುವುದಿಲ್ಲ. ಆದರೆ ಬೈಕು ಬಲಕ್ಕೇ ಏಕೆ ಹೋಯಿತೆಂಬುದು ಬಗೆಹರಿಯಲಿಲ್ಲ. ನಮ್ಮ ಮನೆಯವರು ಚಕ್ರ ಬಿಚ್ಚಿ ನೋಡಿದರು, ಹ್ಯಾಂಡಲ್ ತಿರುಗಿಸಿ ನೋಡಿದರು, ಬೈಕು ಗುಂಡುಕಲ್ಲಿನಂತಿತ್ತು. ಕೊನೆಗೆ ಅತ್ತೆ ಬಾವಿಯ ಪಕ್ಕದ ಕಲ್ಲಿನ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತು, "ಒಬ್ಳೇ ಹೊಡಿ, ನೋಡಾನ" ಎಂದರು. ಅಷ್ಟು ದಿನವೂ ಅವರು ನನ್ನ ಬೆನ್ನ ಹಿಂದೆಯೇ ಇದ್ದುದರಿಂದ ನಾನು ಗಾಡಿ ಓಡಿಸುವುದನ್ನು ಅವರು ಹೊರಗಿನಿಂದ ನೋಡಿದ್ದು ಅದೇ ಮೊದಲು. ನಾನು ಬಾವಿ ಮರ ಸುತ್ತುವುದರೊಳಗೆ ಮೊರ ಬದಿಗಿಟ್ಟು ಕೂಗಿದರು: "ಏನೇ, ಯಾಕಂಗೆ ಬಲಕ್ಕೆ ವಾಲ್ಕಂಡು ಕುಂತಿದೀಯ? ನಾನ್ ಹಿಂದೆ ಇಲ್ಲ ಕಣೇ, ಇಲ್ಲಿವ್ನಿ, ಇಲ್ಲಿ!"

ಮಾನ್ಯರೇ, ಅರ್ಥವಾಯಿತಲ್ಲ? ಅತ್ತೆ ಎಡಗಡೆಗೆ ಕಾಲು ಬಿಟ್ಟು ಕೂತರೆ ಗಾಡಿಯ ಭಾರ ಎಡಕ್ಕೆ. ಅದನ್ನು ಸರಿದೂಗಿಸಲು ನಾನು ನನಗೇ ಗೊತ್ತಿಲ್ಲದಂತೆ ಬಲಕ್ಕೆ ವಾಲಿ ಕೂತು ಕಲಿತಿದ್ದೆ. ಎಲ್ಲರೂ ಬೈಕ್ ಓಡಿಸಲು ಕಲಿಯುತ್ತಾರೆ. ನಾನು ಕಲಿತದ್ದು ಅತ್ತೆಯ ಸಮೇತ ಬೈಕ್ ಓಡಿಸುವುದನ್ನು. ಅತ್ತೆಯನ್ನು ತೆಗೆದರೆ ನನ್ನ ವಿದ್ಯೆಯಲ್ಲಿ ಅರ್ಧ ಹೋಯಿತು. ಅತ್ತೆ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು, ನಾನೂ ನಕ್ಕೆ, ನಗುತ್ತಲೇ ಬೈಕನ್ನು ಮತ್ತೊಮ್ಮೆ ಬಲಕ್ಕೆ ಬೀಳಿಸಿದೆ.

ಎರಡನೇ ಸಲ ತಮ್ಮಲ್ಲಿಗೆ ಬರುವಾಗ ನಾನು ಮೂಟೆ ತಂದದ್ದು ಈ ಕಾರಣಕ್ಕೆ. ಅತ್ತೆಯನ್ನು ಪರೀಕ್ಷೆಗೆ ಕೂರಿಸಿಕೊಳ್ಳುವಂತಿಲ್ಲ, ಅತ್ತೆಯಷ್ಟು ಭಾರವನ್ನು ಕೂರಿಸಿಕೊಳ್ಳಬಾರದೆಂದು ನಮಗೆ ಯಾರೂ ಹೇಳಿರಲಿಲ್ಲ. ಊರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಮರುಳಪ್ಪನವರ ಅಂಗಡಿಗೆ ಹೋಗಿ, ಮೂಟೆ ಇಡುವ ತಕ್ಕಡಿಯ ಮೇಲೆ ಅತ್ತೆಯನ್ನು ನಿಲ್ಲಿಸಿದೆವು. ಮರುಳಪ್ಪನವರು ಕನ್ನಡಕ ಸರಿ ಮಾಡಿಕೊಂಡು ಅಂಕಿ ಓದಿ, ವ್ಯಾಪಾರದ ರೂಢಿಯಲ್ಲಿ, "ಗೌರಕ್ಕ, ಚೀಲದ ತೂಕ ಕಳೀಲಾ?" ಎಂದುಬಿಟ್ಟರು. "ಚೀಲ ಅಂತೀಯಲ್ಲಪ್ಪ, ಹೊಸಾ ಸೀರೆ ಕಣೋ ಇದು!" ಎಂದು ಅತ್ತೆ ತಕ್ಕಡಿಯಿಂದ ಇಳಿದರು. ಮನೆಯಲ್ಲಿ ನಾವು ಅಷ್ಟೇ ತೂಕದ ಕಾಯಿ ತುಂಬಿದ ಚೀಲವನ್ನು ಅವರು ಬಹಳ ಹೊತ್ತು ನೋಡಿ, "ಇಷ್ಟೊಂದು ಕಾಯಿನಾ ನಾನು?" ಎಂದು ಮುಖ ಸಣ್ಣದು ಮಾಡಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, "ಒಳ್ಳೆ ಕಾಯಿನೇ ಹಾಕಿದೀರಿ ತಾನೆ? ಜೊಳ್ಳು ಗಿಳ್ಳು ಹಾಕಿಲ್ಲ?" ಎಂದೂ ಕೇಳಿದರು.

ಮೂಟೆಯನ್ನು ಎಡಗಡೆಗೆ ಬಿಗಿದು ತಮ್ಮ ಮುಂದೆ ಬಂದು ನಿಂತಾಗ ಇನ್‌ಸ್ಪೆಕ್ಟರ್ ಸಾಹೇಬರು, "ಇದೇನಮ್ಮಾ?" ಎಂದರು. ಗಾಬರಿಯಲ್ಲಿ ನನ್ನ ಬಾಯಿಂದ ನಿಜವೇ ಬಂತು. "ನಮ್ಮತ್ತೆ ಸಾರ್" ಎಂದೆ. ಸಾಲಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರು ಮಾತ್ರ ನಗದೆ, ನಗಬಾರದೆಂದು ಬಹಳ ಕಷ್ಟಪಡುತ್ತಾ, "ಅತ್ತೇನ ಇಳಿಸಿ ಬನ್ನಿ" ಎಂದರು. "ಇಳಿಸಿದರೆ ಓಡಿಸೋಕಾಗಲ್ಲ ಸಾರ್" ಎಂದೆ. "ಹಾಗಾದರೆ ಇಳಿಸೋಕೆ ಕಲಿತ ಮೇಲೆ ಬನ್ನಿ" ಎಂದು ಇನ್ನೊಂದು ದಿನ ಕೊಟ್ಟರು.

ಆಮೇಲೆ ನಡೆದದ್ದು ಒಂದು ತಪಸ್ಸು. ಮೂಟೆಯನ್ನು ಕಟ್ಟಿಕೊಂಡೇ ತೋಟ ಸುತ್ತುವುದು, ದಿನವೂ ಒಂದಷ್ಟು ಕಾಯಿ ತೆಗೆಯುತ್ತಾ ಹೋಗುವುದು, ನಾನು ಸ್ವಲ್ಪ ಸ್ವಲ್ಪವಾಗಿ ನೆಟ್ಟಗಾಗುವುದು. ತೆಗೆಯುವ ಕೆಲಸ ಅತ್ತೆಯದೇ. ತೆಗೆದ ಕಾಯಿಯನ್ನು ಅಡುಗೆಮನೆಗೆ ಒಯ್ಯುತ್ತಿದ್ದರು. ಹೀಗೆ ಕಾಯಿಚಟ್ನಿ, ಕಾಯಿಹೋಳಿಗೆ, ಕಾಯಿಹಾಲಿನ ಪಾಯಸವೆಂದು ನಮ್ಮತ್ತೆಯ ತೂಕವನ್ನು ಮನೆಮಂದಿಯೆಲ್ಲ ಸೇರಿ ತಿಂದು ಮುಗಿಸಿದೆವು. ಕೊನೆಯ ದಿನ ಖಾಲಿ ಚೀಲ ಮಾತ್ರ ಹಿಂದೆ ಪಟಪಟ ಹಾರಾಡುತ್ತಿತ್ತು, ನಾನು ಎರಡೂ ಮರಗಳನ್ನು ಗೆರೆ ಎಳೆದಂತೆ ಸುತ್ತಿ ಬಂದೆ. ಅತ್ತೆ ಚೀಲವನ್ನು ಬಿಚ್ಚಿ ಮಡಿಸುತ್ತಾ, "ಇನ್ನು ನಾನಿಲ್ದಿದ್ರೂ ನಡೀತೈತೆ ಬುಡು ನಿಂಗೆ" ಎಂದರು. ತಮಾಷೆಗೆ ಹೇಳಿದ್ದೇ. ಆದರೂ ಆ ಮಾತು ನನಗೆ ಹಿಡಿಸಲಿಲ್ಲ.

ಮೂರನೇ ಸಲ ಬಂದದ್ದು ತಮಗೆ ನೆನಪಿರಬಹುದು, ಏಕೆಂದರೆ ಆ ದಿನ ತಮ್ಮ ಸುಣ್ಣದ ಒಂದು ಕಣವೂ ಕದಲಲಿಲ್ಲ. ಶೇರ್ ಆಟೋದಲ್ಲಿ ಬಂದ ಅತ್ತೆ ಬೇವಿನ ಮರದ ಕೆಳಗೆ ಕೂತಿದ್ದರು. ಸಾಹೇಬರು ನನ್ನನ್ನು ಕಂಡ ಕೂಡಲೇ, "ಅತ್ತೆ ಎಲ್ಲಮ್ಮಾ?" ಎಂದು ಕೇಳಿದರು. "ಮರದ ಕೆಳಗಿದಾರೆ ಸಾರ್" ಎಂದೆ. ಅವರು ತಿರುಗಿ ನೋಡಿ, ನಿಜವಾದ ಅತ್ತೆಯನ್ನೇ ಕಂಡು, ಕೈಮುಗಿದರು. ನಾನು ತಮ್ಮ ಕೆಳಗಿನ ಸೊನ್ನೆ ಸುತ್ತಿ, ನಡುವೆ ದಾಟಿ, ಮೇಲಿನ ಸೊನ್ನೆ ಸುತ್ತಿ, ಹೊರಗೆ ಬಂದೆ. ಪಾಸ್. ಕಾರ್ಡು ಅಂಚೆಯಲ್ಲಿ ಮನೆಗೆ ಬಂದಾಗ ಅತ್ತೆ ಅದನ್ನು ದೇವರ ಮುಂದಿಟ್ಟು, ನನ್ನ ಫೋಟೋದ ಮೂಗಿನ ಮೇಲೆ ಕುಂಕುಮ ಹಚ್ಚಿ, ಶೆಟ್ಟಿಕೆರೆಗೆ ಫೋನು ಮಾಡಿ, "ಸೋಮಾರ ಬತ್ತೀವಿ, ಮಂಕರಿ ಮುಟ್ಟಬ್ಯಾಡ" ಎಂದರು.

ಆ ಸೋಮವಾರ ಬಂತು. ಅತ್ತೆ ತಕ್ಕಡಿಯ ಮೇಲೆ ಉಟ್ಟಿದ್ದ ಹೊಸ ಸೀರೆಯನ್ನೇ ಉಟ್ಟು, ಎಲೆಅಡಿಕೆ ಚೀಲ ಸಿಕ್ಕಿಸಿಕೊಂಡು, ಎಂದಿನಂತೆ ಎಡಗಡೆಗೆ ಕಾಲು ಬಿಟ್ಟು ಹಿಂದೆ ಕೂತರು. ನಾನು ಕ್ಲಚ್ಚು ಬಿಟ್ಟೆ. ಅಂಗಳ ದಾಟುವುದರೊಳಗೆ ಬೈಕು ಗಂಭೀರವಾಗಿ ಎಡಕ್ಕೆ ತಿರುಗಿ ನಮ್ಮ ಮನೆಯ ತಿಪ್ಪೆಯೊಳಗೆ ಹೋಯಿತು. ಕಾಲು ಮೊದಲೇ ಆ ಕಡೆ ಇದ್ದುದರಿಂದ ಅತ್ತೆ ಗಾಡಿಯಿಂದ ಇಳಿದವರಂತೆ ಸುಮ್ಮನೆ ಇಳಿದು ನಿಂತರು. ತಿಪ್ಪೆಗೆ ಬಿದ್ದವಳು ನಾನು, ನನ್ನ ಎಡ ಮೊಣಕೈ ಮತ್ತು ನನ್ನ ಲೈಸನ್ಸು. ಇನ್ನೆರಡು ಸಲ ನೋಡಿದೆವು, ಎರಡು ಸಲವೂ ತಿಪ್ಪೆಯೇ. ಶೆಟ್ಟಿಕೆರೆಗೆ ಫೋನು ಮಾಡಿ ಇವತ್ತಾಗುವುದಿಲ್ಲವೆಂದು ಹೇಳಲು ಅತ್ತೆಗೆ ಬಾಯಿ ಬರಲಿಲ್ಲ, ನಾನೇ ಹೇಳಿದೆ. ಆ ಕಡೆಯಿಂದ ಚಿಕ್ಕತ್ತೆ, "ಹೋಳಿಗೆ ಮಾಡಿದ್ದೆ ಕಣವ್ವ" ಎಂದಷ್ಟೇ ಅಂದರು.

ಇದೇ, ಮಾನ್ಯರೇ, ನನ್ನ ದೂರು. ತಾವು ನನ್ನನ್ನು ಪಾಸು ಮಾಡಿದಿರಿ. ಯಾರನ್ನು ಕೂರಿಸಿಕೊಂಡು ಹೋಗಲು ನಾನು ಗಾಡಿ ಕಲಿತೆನೋ ಅವರೊಬ್ಬರನ್ನು ಬಿಟ್ಟು, ಈ ಭರತಖಂಡದಲ್ಲಿ ಎಲ್ಲಿಗೆ ಬೇಕಾದರೂ ಒಬ್ಬಳೇ ಹೋಗಲು ಅರ್ಹಳನ್ನಾಗಿ ಮಾಡಿದಿರಿ. ತಮ್ಮ ಈ ಉಪಕಾರವನ್ನು ಹೇಗೆ ತೀರಿಸಲಿ? ಆದ್ದರಿಂದ ಕೆಲವು ವಿನಂತಿಗಳನ್ನು ತಮ್ಮ ಪಾದದಲ್ಲಿಡುತ್ತಿದ್ದೇನೆ. ತಮಗೆ ಪಾದವಿಲ್ಲದಿದ್ದರೆ ಕೆಳಗಿನ ಸೊನ್ನೆಯಲ್ಲಿಡಬಹುದು. ಮೊದಲನೆಯದಾಗಿ, ನನ್ನಿಂದ ತೆಗೆದುಕೊಂಡ ವಾಲುವಿಕೆಯನ್ನು ಇದ್ದಂತೆಯೇ ಹಿಂದಿರುಗಿಸಬೇಕು. ಅದಾಗದಿದ್ದರೆ ತಮ್ಮ ಪಕ್ಕದಲ್ಲಿ ಅತ್ತೆ ಸಮೇತರಿಗೆಂದು ಇನ್ನೊಂದು ಎಂಟನ್ನು, ಎಡಕ್ಕೆ ಸ್ವಲ್ಪ ಓರೆಯಾಗಿ, ಬರೆಸಿಕೊಳ್ಳಬೇಕು. ಬಿಳಿಗೆರೆಯಿಂದ ಶೆಟ್ಟಿಕೆರೆಗೆ ಹೋಗುವ ದಾರಿಯಲ್ಲಿ ಗುಂಡಿಗಳಿವೆ, ಹುರುಳಿ ಹರಡಿ ಗಾಡಿಗಳಿಂದ ಒಕ್ಕಣೆ ಮಾಡಿಸಿಕೊಳ್ಳುವವರಿದ್ದಾರೆ, ರಸ್ತೆ ನಡುವೆ ನಿಂತು ಯೋಚನೆ ಮಾಡುವ ಎಮ್ಮೆಗಳಿವೆ. ಎಂಟು ಮಾತ್ರ ಎಲ್ಲಿಯೂ ಇಲ್ಲವೆಂಬುದನ್ನೂ ಸಾವಕಾಶವಾಗಿ ಪರಿಶೀಲಿಸಬೇಕು. ಅದೂ ಆಗದಿದ್ದರೆ, ತಾವು ಕೊನೆಯಪಕ್ಷ ನಾನು ಒಂದನೇ ತರಗತಿಯಲ್ಲಿ ಸ್ಲೇಟಿನ ಮೇಲೆ ತಿದ್ದಿದ ಕನ್ನಡದ ೮ ಆಗಬೇಕು. ಆ ಎಂಟು ಎಷ್ಟು ಮರ್ಯಾದಸ್ತರೆಂದರೆ, ಒಂದು ಕಡೆಯಿಂದ ಇಳಿದು, ತಳದಲ್ಲಿ ಒಮ್ಮೆ ತಿರುಗಿ, ಇನ್ನೊಂದು ಕಡೆಯಿಂದ ಹತ್ತಿದರೆ, ನೇರವಾಗಿ ಮನೆಗೆ ಹೋಗಬಹುದು. ಯಾರನ್ನೂ ಹೊರಟ ಜಾಗಕ್ಕೇ ತಂದು ನಿಲ್ಲಿಸುವ ಬುದ್ಧಿ ಅವರಿಗಿಲ್ಲ.

ಇಷ್ಟು ಬರೆದು ಪೆನ್ನು ಮುಚ್ಚಿಟ್ಟವಳು ಈಗ ಒಂದು ವಾರದ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಅಂದು ಏನು ಬರೆಯುತ್ತಿದ್ದೀಯೆಂದು ಅತ್ತೆ ಕೇಳಿದ್ದರಿಂದ ಪೂರ್ತಿ ಓದಿ ಹೇಳಿದೆ. ತೂಕದ ವಿಷಯ ಬಂದಾಗ ಮಾತ್ರ ಮೂಗು ಮುರಿದರು. ಉಳಿದದ್ದನ್ನೆಲ್ಲ ಕೇಳಿ, ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: "ಅದಕ್ಯಾಕೆ ಆ ಎಂಟರ ಕಾಲು ಕಟ್ತೀಯ? ನೀನು ನೆಟ್ಟಗೆ ಕೂರಾದು ಕಲ್ತೆ. ನಾನೂ ನೆಟ್ಟಗೆ ಕೂತ್ರೆ ಮುಗೀತಲ್ಲ."

ಅಂದರೆ, ಗಂಡಸರಂತೆ ಆ ಕಡೆಗೊಂದು ಈ ಕಡೆಗೊಂದು ಕಾಲು ಹಾಕಿ. ಮಾನ್ಯರೇ, ನಮ್ಮತ್ತೆಗೆ ಎಪ್ಪತ್ತು ದಾಟಿದೆ. ನಮ್ಮ ಮನೆಯವರು, "ಅವ್ವಾ, ಊರೋರು ಏನಂತಾರೆ?" ಎಂದು ಬಾಯಿ ಬಿಟ್ಟರು. "ಊರೋರೇನ್ ನನ್ ಆಟ ಆಡಾಕೆ ಬತ್ತಾರೇನ್ಲಾ? ನಿನ್ನ ಹಳೇ ಪ್ಯಾಂಟ್ ಒಂದು ಕೊಡು" ಎಂದರು ಅತ್ತೆ. ಆ ಪ್ಯಾಂಟನ್ನು ಸೀರೆಯೊಳಗೆ ತೊಟ್ಟು, ಬೈಕನ್ನು ಜಗಲಿಗೆ ಒತ್ತಿ ನಿಲ್ಲಿಸಿದಾಗ, ಜಗಲಿಯ ಮೇಲಿನಿಂದಲೇ, ಮೊಣಕಾಲಿಗೆ ಹೆಚ್ಚು ಕಷ್ಟ ಕೊಡದೆ, ನನ್ನ ಹಿಂದೆ ಸವಾರಿ ಕೂತರು. ಮನೆಯವರು ಮುಖ ಆ ಕಡೆ ತಿರುಗಿಸಿಕೊಂಡು ಬೈಕನ್ನು ಹಿಡಿದುಕೊಂಡಿದ್ದರು. ಹಾಗೆ ಕೂತಾಗ ಹಿಂದಿನ ಕಂಬಿ ಅತ್ತೆಯ ಕೈಗೆ ಎಟುಕಲಿಲ್ಲ. ಸ್ವಲ್ಪ ಹೊತ್ತು ಕೈ ಎಲ್ಲಿಡಬೇಕೆಂದು ಗೊತ್ತಾಗದೆ ಒದ್ದಾಡಿ, ಎರಡೂ ಕೈಗಳಿಂದ ನನ್ನ ಸೊಂಟ ಹಿಡಿದುಕೊಂಡರು.

ನಾನು ಈ ಮನೆಗೆ ಬಂದು ಇಷ್ಟು ವರ್ಷಗಳಾದವು. ಅತ್ತೆ ನನಗೆ ಬಡಿಸಿದ್ದಾರೆ, ಬೈದಿದ್ದಾರೆ, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ್ದಾರೆ. ಹೀಗೆ ಹಿಡಿದುಕೊಂಡದ್ದು ಇದೇ ಮೊದಲು. ಅಷ್ಟು ಬಿಗಿಯಾಗಿ ಹಿಡಿದಿದ್ದರು, ಬಳೆಗಳು ಚುಚ್ಚುತ್ತಿದ್ದವು. ತಿಪ್ಪೆ ಎಡಗಡೆ ಉಳಿಯಿತು, ಗೇಟು ಹಿಂದೆ ಉಳಿಯಿತು, ನಾವು ಟಾರು ರಸ್ತೆಗೆ ಬಂದೆವು. ನನಗೆ ಕಣ್ಣು ತುಂಬಿ ಬಂತೆಂದು ಹೇಳಲು ನಾಚಿಕೆಯಿಲ್ಲ, ಹೆಲ್ಮೆಟ್ಟಿನೊಳಗೆ ಯಾರಿಗೂ ಕಾಣುವುದಿಲ್ಲ. ದಾರಿಯುದ್ದಕ್ಕೂ ಅತ್ತೆ ಒಂದೇ ಒಂದು ಪಾಠ ಹೇಳಲಿಲ್ಲ. ಪೊಲೀಸರು ಕೈ ತೋರಿಸಿದ ಕಡೆ ಮಾತ್ರ ನಾನು ಲೈಸನ್ಸ್ ತೆಗೆಯುವ ಮೊದಲೇ, "ಐತೆ ಕಣಪ್ಪ, ನೋಡ್ಕೋ, ಚೆನ್ನಾಗಿ ನೋಡ್ಕೋ" ಎಂದು ಗಟ್ಟಿಯಾಗಿ ಹೇಳಿದರು, ಆ ಹೊತ್ತಿಗೆ ಹಾದುಹೋಗುತ್ತಿದ್ದ ಒಂದು ಬಸ್ಸಿನ ಕಿಟಕಿಗಳಿಗೂ ಕೇಳಲೆಂದು.

ಶೆಟ್ಟಿಕೆರೆಯಲ್ಲಿ ಚಿಕ್ಕತ್ತೆ ಬಾಗಿಲಿಗೆ ಬಂದು, ಅಕ್ಕ ಕುದುರೆ ಮೇಲೆ ಕೂತಂತೆ ಬೈಕಿನ ಮೇಲೆ ಕೂತಿರುವುದನ್ನು ಕಂಡು, ಕೈಯಲ್ಲಿದ್ದ ಚೊಂಬನ್ನು ಹಾಗೆಯೇ ಹಿಡಿದು ನಿಂತರು. ಆಮೇಲೆ ಅಕ್ಕನನ್ನು ಜಗಲಿಗೆ ಇಳಿಸಿಕೊಂಡು ಕೆನ್ನೆ ಸವರಿದರು. ಮಂಕರಿ ಎತ್ತಿದರೆ, ಧೂಳು ಹಿಡಿದ ಕಾಯಿಗಳು ಇದ್ದ ಮನೆಯಲ್ಲೇ ಇದ್ದವು. ಅತ್ತೆಗೆ ಬೇಕಾದದ್ದು ಒಂದು. ಕವಡೆ ಹಾಕಿದರು. ಮಾನ್ಯರೇ, ಬಿದ್ದದ್ದು ಎಂಟು. ಚೌಕಾಬಾರದಲ್ಲಿ ಎಂಟು ಬಿದ್ದರೆ ಮತ್ತೊಮ್ಮೆ ಹಾಕುವ ಅವಕಾಶವಿದೆ. ಮತ್ತೊಮ್ಮೆ ಹಾಕಿದರು, ಮತ್ತೂ ಎಂಟು. ಬೇಕಾದಾಗ ನನ್ನನ್ನು ಮೂರು ಸಲ ಅಲೆದಾಡಿಸಿದ ತಾವು, ಬೇಡವಾದಾಗ ಇಲ್ಲಿಯವರೆಗೂ ಬಂದಿರಿ. ಕೊನೆಗೆ ಆಟ ಚಿಕ್ಕತ್ತೆಯದಾಯಿತು. ಅತ್ತೆ ಕವಡೆಗಳನ್ನು ತಂಗಿಯ ಕೈಗೆ ಕೊಟ್ಟು, "ಮುಂದಿನ್ ಸೋಮಾರ ತೋರಿಸ್ತೀನಿ ಬುಡು" ಎಂದರು.

ಹೀಗಾಗಿ ನನ್ನ ದೂರನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೋ ಬೇಡವೋ ಎಂಬುದು ನನಗೇ ತಿಳಿಯುತ್ತಿಲ್ಲ. ತಮ್ಮ ಸುಣ್ಣ ಸದಾ ಬೆಳ್ಳಗಿರಲಿ, ತಮ್ಮ ಮೇಲೆ ಮಳೆ ಮೆಲ್ಲಗೆ ಬೀಳಲಿ ಎಂದು ಹಾರೈಸಿ ಸದ್ಯಕ್ಕೆ ಮುಗಿಸುತ್ತೇನೆ.

ತಮ್ಮ ಗೆರೆಯನ್ನು ಒಮ್ಮೆ ಅಳಿಸಿ, ಒಮ್ಮೆ ಉಳಿಸಿದ,
ತಮ್ಮ ವಿಶ್ವಾಸಿ,
ಅನಿತಾ, ಬಿಳಿಗೆರೆ

ಮರೆತ ಮಾತು: ಶೆಟ್ಟಿಕೆರೆಯಿಂದ ಬಂದಾಗಿನಿಂದ ನಮ್ಮತ್ತೆ, ಮುಂದೆ ಕೂತವರಿಗೆ ಗಾಳಿ ಚೆನ್ನಾಗಿ ಬೀಸುತ್ತದೆಂದು ಹೇಳುತ್ತಾ, ಹೊಸದಾಗಿ ಕಲಿಯುವವರಿಗೆ ಎಲ್‌ಎಲ್‌ಆರ್ ಕೊಡಲು ವಯಸ್ಸಿನ ಮಿತಿ ಏನಾದರೂ ಇದೆಯೇ ಎಂದು ಊರಲ್ಲೆಲ್ಲ ವಿಚಾರಿಸುತ್ತಿದ್ದಾರೆ. ಅವರಿಗೆ ಗುರುವಾಗಿ ನನ್ನನ್ನೇ ನೇಮಿಸಿದ್ದಾರೆ. ನಾನು ಸೀರೆಯುಟ್ಟು, ಎಡಗಡೆಗೆ ಕಾಲು ಬಿಟ್ಟು ಹಿಂದೆ ಕೂರುವುದನ್ನು ಅಭ್ಯಾಸ ಮಾಡುತ್ತಿದ್ದೇನೆ; ಮರುಳಪ್ಪನವರ ತಕ್ಕಡಿಯ ಮೇಲೆಯೂ ನಿಂತು ಬಂದಿದ್ದೇನೆ. ತಾವು ಸುಣ್ಣವನ್ನು ಸ್ವಲ್ಪ ಅಗಲವಾಗಿಯೇ ಬಳಿಸಿಕೊಂಡಿರಿ.